ಕರಿಬೇವಿನ ಕುಂಡಕ್ಕೆ ನೇರಳೆ ಬೀಜದ ಪುಡಿ

ನನಗೆ ಸಕ್ಕರೆ ಕಾಯಿಲೆಗಿಂತ ಅದಕ್ಕೆ ಸಲಹೆ ಕೊಡುವವರ ಮೇಲೆ ಸಿಟ್ಟು ಜಾಸ್ತಿ. ವಿಜಯನಗರದ ನಮ್ಮ ಮನೆಗೆ ಮೊದಲೆಲ್ಲ ಬರುವವರು ಬಾಳೆಹಣ್ಣು ತರುತ್ತಿದ್ದರು. ವಿಷಯ ಗೊತ್ತಾದ ದಿನದಿಂದ ಸೊಪ್ಪು ತರುತ್ತಾರೆ. ಅಮೃತಬಳ್ಳಿ, ಮಧುನಾಶಿನಿ, ತಂದವರಿಗೇ ಹೆಸರು ಗೊತ್ತಿಲ್ಲದ ಇನ್ನೊಂದು. ಅವರ ಹೊಟ್ಟೆ ಮಾತ್ರ ಅವರಿಗಿಂತ ಮುಂಚೆಯೇ ಬಾಗಿಲು ದಾಟಿರುತ್ತದೆ. ನಾನು ಮೇಕೆಯಾಗಿ ಹುಟ್ಟಿದ್ದರೆ ಇಷ್ಟರಲ್ಲಿ ಗುಣವಾಗಿರುತ್ತಿದ್ದೆ.

ಇವರೆಲ್ಲರಿಗಿಂತ ಅಪಾಯಕಾರಿ ನನ್ನ ಬಾಮೈದ ನಂಜುಂಡ, ಏಕೆಂದರೆ ಅವನು ಓದಿಕೊಂಡವನು. ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಮುಂದಿನ ರಕ್ತಪರೀಕ್ಷೆಯಲ್ಲಿ ಸಕ್ಕರೆ ಇಳಿಯದಿದ್ದರೆ ದಿನಾ ಇನ್ಸುಲಿನ್ ಸೂಜಿಯೇ ಗತಿ ಎಂದು ಡಾಕ್ಟರು ಹೇಳಿದ್ದರು. ಸೂಜಿಯೆಂದರೆ ನನಗೆ ಪ್ರಾಣಭಯ, ಮುಚ್ಚಿಡುವುದೇನಿಲ್ಲ. ಸುದ್ದಿ ತಿಳಿದ ನಂಜುಂಡ ನೇರಳೆ ಬೀಜದ ಪುಡಿಯ ಡಬ್ಬ ಹಿಡಿದು ಬಂದು ಪಾಠ ಶುರುಮಾಡಿದ. ತಿಂದ ಅನ್ನ, ದೋಸೆಯನ್ನೆಲ್ಲ ಸಕ್ಕರೆಯಾಗಿ ಒಡೆಯುವ ಕಿಣ್ವಗಳು ನಮ್ಮೊಳಗೆ ಇರುತ್ತವಂತೆ. ಬೀಜದ ಒಗರು ಅವುಗಳ ಕೈ ಕಟ್ಟಿಹಾಕುತ್ತದಂತೆ. ಮಾತ್ರೆ ಬಿಡಬಾರದು, ತಿನ್ನುವುದು ಹೆಚ್ಚಬಾರದು ಎಂದೂ ಹೇಳಿದ. ಅಷ್ಟನ್ನು ಮಾತ್ರ ನಮ್ಮ ಮನೆಯಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ.

ಆ ಪುಡಿಯ ರುಚಿ ದೇವರಿಗೇ ಪ್ರೀತಿ. ಮೊದಲ ದಿನ ನಾಲಿಗೆ ಮಧ್ಯಾಹ್ನದವರೆಗೂ ಮರಗಟ್ಟಿತ್ತು. ಎರಡನೇ ದಿನದಿಂದ ಹೆಂಡತಿ ರಾಜಮ್ಮ ಪುಡಿ, ಮಜ್ಜಿಗೆ ಇಟ್ಟು ದೇವರ ಮನೆಗೆ ಹೋದ ಕೂಡಲೇ ಪುಡಿಯನ್ನು ಬಾಲ್ಕನಿಯ ಕರಿಬೇವಿನ ಕುಂಡಕ್ಕೆ ಸುರಿದು, ಮಜ್ಜಿಗೆಯನ್ನು ಕುಡಿದು, ಮುಖ ಕಿವುಚಿಕೊಂಡು ಕೂರುತ್ತಿದ್ದೆ. ಪಾಪ, ಅವಳಿಗೆ ಕರುಣೆ ಬಂತು. ಹೇಗೂ ಪುಡಿ ಕಾವಲಿದೆಯಲ್ಲ ಎಂದು ಎರಡು ದೋಸೆ ಇದ್ದದ್ದು ನಾಲ್ಕಾಯಿತು. ಭಾನುವಾರ ಒಂದು ತುಂಡು ಮೈಸೂರು ಪಾಕೂ ಬಂತು. ನಾನು ಬೇಡವೆನ್ನಲಿಲ್ಲ.

ಸಕ್ಕರೆ ಇಳಿಯಲಿಲ್ಲ, ಏರಿತು. ಸೂಜಿ ಗ್ಯಾರಂಟಿಯಾಯಿತು. ಆ ಸಂಕಟದಲ್ಲೂ ನನಗೊಂದು ಸಮಾಧಾನ: ನಂಜುಂಡನ ವಿಜ್ಞಾನ ಮಣ್ಣುಪಾಲಾಗಿತ್ತು. ಪುಡಿಯನ್ನು ತಿನ್ನದೆಯೇ ಅದು ಕೆಲಸಕ್ಕೆ ಬಾರದ್ದೆಂದು ತೋರಿಸಿಕೊಟ್ಟವನು ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು. ಅವನನ್ನು ಕರೆಸಿ, ರಿಪೋರ್ಟು ಮುಂದಿಟ್ಟು, ಕಾಲೇಜಿನ ಮಕ್ಕಳ ಗತಿಯೇನಪ್ಪಾ ಎಂದು ಮನಸಾರೆ ಹಂಗಿಸಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

“ಒಂದಿನಾನೂ ತಪ್ಪಿಸ್ಲಿಲ್ವಾ ಭಾವ?”

“ಒಂದಿನಾನೂ ಇಲ್ಲ.”

“ಹಂಗಾದ್ರೆ ಅವ್ವಂಗೂ ನಿಲ್ಲಿಸ್ಬುಡ್ತೀನಿ. ಅವ್ವಂಗೆ ಸ್ವಲ್ಪ ಇಳ್ದಂಗಿತ್ತು, ಅದಕ್ಕೇ ನಿಮಗೂ ತಂದೆ.”

ಅವನ ಅವ್ವ ಎಂದರೆ ನನ್ನ ಅತ್ತೆ. ನಾನು ಆಗಲೇ ಹೇಳಿಬಿಡಬೇಕಿತ್ತು. ನಾಚಿಕೆಯಾಯಿತು. ಅಷ್ಟರಲ್ಲಿ ಗಿಡಕ್ಕೆ ನೀರು ಹಾಕಲು ಹೋಗಿದ್ದ ರಾಜಮ್ಮ ಕುಂಡದಿಂದ ಪುಡಿ ಮೆತ್ತಿಕೊಂಡಿದ್ದ ಒಂದು ಹಿಡಿ ಕಂದು ಮಣ್ಣು ತಂದು ನನ್ನ ರಿಪೋರ್ಟಿನ ಮೇಲೆ ಸುರಿದಳು. ಮೂಸಿ ನೋಡುವ ಅಗತ್ಯ ಯಾರಿಗೂ ಇರಲಿಲ್ಲ.

“ನಂಜುಂಡ, ಅವ್ವಂಗೆ ನಿಲ್ಲಿಸ್ಬೇಡ ಕಣೋ,” ಎಂದಳು. “ನಿನ್ ಪುಡಿ ತಿಂದಿರೋದು ಕರಿಬೇವಿನ ಗಿಡ.”

ಈಗ ಬೆಳಿಗ್ಗೆ ಹೊಟ್ಟೆಗೆ ಸೂಜಿ ಚುಚ್ಚುವವಳು ಅವಳೇ. ದೋಸೆ ಎರಡಕ್ಕೆ ಇಳಿದಿದೆ. ಪುಡಿಯೂ ತಪ್ಪಿಲ್ಲ, ನುಂಗಿದ ಮೇಲೆ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಬೇಕು. ಹಾಗೆ ಬಾಯಿ ತೆರೆದು ನಿಂತಿದ್ದಾಗಲೇ ಮೊನ್ನೆ ಪಕ್ಕದ ಮನೆಯವರು ಸೊಪ್ಪು ಹಿಡಿದುಕೊಂಡು ಬಂದರು.