ಚಾವಣಿಯಲ್ಲಿರುವ ಸ್ಮೋಕ್ ಅಲಾರಂ ಅವರ ಸನ್ನಿಧಿಗೆ, ಬಾಣಲೆ ಕೆಡಿಸಿದವನ ಅಹವಾಲು

ನಮ್ಮ ಅಡುಗೆಮನೆಯ ಚಾವಣಿಯ ನಟ್ಟನಡುವೆ ಬೆಳ್ಳಗೆ ದುಂಡಗೆ ವಿರಾಜಮಾನರಾಗಿರುವ ಮಾನ್ಯ ಸ್ಮೋಕ್ ಅಲಾರಂ ಅವರೇ,

ತಲೆಯೆತ್ತಿ ನಮಸ್ಕಾರ. ತಲೆಬಾಗಿದರೆ ತಾವಿರುವ ಎತ್ತರಕ್ಕೆ ನನ್ನ ಬೋಳು ನೆತ್ತಿಯಷ್ಟೇ ಕಾಣುವುದರಿಂದ ಈ ಏರ್ಪಾಡು. ಕಳೆದ ತಿಂಗಳು ನಾನು ಹಾಲು ಕಾಯಲಿಟ್ಟು ಸೋಫಾದ ಮೇಲೆ ನಿದ್ದೆಹೋದಾಗ, ಪಾತ್ರೆ ಸೀದು ಕರಿಕಲಾಗುವವರೆಗೂ ತುಟಿ ಪಿಟಕ್ಕೆನ್ನದೆ ನನ್ನ ನಿದ್ದೆಯನ್ನು ಕಾಪಾಡಿದ ತಮ್ಮ ದೊಡ್ಡ ಗುಣವನ್ನು ನಾನು ಮರೆತಿಲ್ಲ. ಅಂಥ ಗಂಭೀರ ಸ್ವಭಾವದವರು ಈ ವಾರವಿಡೀ ಹೀಗೆ ಬಾಯಿ ಬಡಿದುಕೊಳ್ಳುತ್ತಿರುವುದೇಕೆ ಎಂಬುದೇ ನನ್ನ ಅಹವಾಲು.

ನಡೆದದ್ದೆಲ್ಲ ತಮ್ಮ ಕಣ್ಣೆದುರೇ ನಡೆದಿದೆ. ಹೆಂಡತಿ ಮಗಳ ಮನೆಗೆ ಹೋದ ಮರುದಿನ, ಅವಳು ಬಂದು ನೋಡಿ ಖುಷಿಪಡಲೆಂದು, ತೀರಿಕೊಂಡ ನನ್ನ ಅತ್ತೆ ಅವಳಿಗೆ ಬಿಟ್ಟುಹೋದ ಎರಕದ ಕಬ್ಬಿಣದ ಬಾಣಲೆಯನ್ನು ತೊಳೆಯಲು ನಿಂತೆ. ಮೂವತ್ತು ವರ್ಷ ಕನ್ನಡಕದ ಗಾಜು ಉಜ್ಜಿ ಹೊಳಪು ಬರಿಸಿ ಹೊಟ್ಟೆ ಹೊರೆದವನಿಗೆ ಕಪ್ಪೆಂದರೆ ಕೊಳೆ. ಸೋಪು ಹಾಕಿ, ಉಕ್ಕಿನ ನಾರಿನಿಂದ ಎರಡು ಗಂಟೆ ತಿಕ್ಕಿ, ಮುಖ ಕಾಣುವಂತೆ ಬೆಳಗಿಟ್ಟೆ. ಮರುದಿನ ನೋಡಿದರೆ ಮೈತುಂಬ ಕೆಂಪು ತುಕ್ಕು. ನಾನು ತೆಗೆದದ್ದು ಕೊಳೆಯಲ್ಲ, ನಲವತ್ತು ವರ್ಷ ಎಣ್ಣೆ ಕುಡಿದು ಕುಡಿದು ಕಬ್ಬಿಣದ ಮೇಲೆ ಕೂತ ಪದರ, ಮೊಟ್ಟೆ ತಳ ಹಿಡಿಯದೆ ಜಾರುತ್ತಿದ್ದುದು ಅದರಿಂದಲೇ ಎಂದು ಪಾತ್ರೆ ಅಂಗಡಿಯವರು ಹಣೆ ಚಚ್ಚಿಕೊಂಡು ಹೇಳಿದ ಮೇಲೆಯೇ ತಿಳಿದದ್ದು. ಅಮ್ಮನದೆಂದು ಅವಳ ಬಳಿ ಉಳಿದಿದ್ದುದು ಆ ಬಾಣಲೆಯೊಂದೇ.

ಪರಿಹಾರವನ್ನೂ ಅಂಗಡಿಯವರೇ ಹೇಳಿದರು. ತುಕ್ಕು ತೆಗೆದು, ಒಲೆಯ ಮೇಲಿಟ್ಟು ತೇವ ಆರಿಸಿ, ಎಣ್ಣೆ ಸವರಿ, "ಹಚ್ಚಿದ್ದೇ ತಪ್ಪಾಯ್ತು ಅನ್ನೋ ಹಾಗೆ ಒರೆಸಿಬಿಡಿ ಯಜಮಾನ್ರೇ," ಆಮೇಲೆ ಚೆನ್ನಾಗಿ ಕಾಯಿಸಿ ತಣಿಸಬೇಕು, ಹೀಗೆ ಆರು ಸಲ. ಒರೆಸುವ ಮಾತು ನನಗೆ ಜಿಪುಣತನವೆನಿಸಿತು. ತಪ್ಪು ದೊಡ್ಡದು, ಎಣ್ಣೆಯೂ ಧಾರಾಳವಾಗಿರಲೆಂದು ಸುರಿದೆ. ಹೊಗೆ ಬಂತು, ಒಪ್ಪುತ್ತೇನೆ. ಆದರೆ ತಾವು ಮೊದಲ ಸುತ್ತಿಗೇ ಮೇಲಿನ ಮನೆಯ ಟೀಚರಮ್ಮನನ್ನು ಕರೆಸಿದಿರಿ. ಅವರು ತುಂಬಿದ ಬಕೆಟ್ ಹಿಡಿದು ಓಡಿಬಂದು, ಬೆಂಕಿಯಿಲ್ಲದ್ದು ಕಂಡು ನಿರಾಶರಾಗಿ, ತಂದ ನೀರನ್ನು ನನ್ನ ಹೂಕುಂಡಗಳಿಗೆ ಸುರಿದು ಹೋದರು. ಮೂರನೆಯದಕ್ಕೆ ಅಗ್ನಿಶಾಮಕದವರೇ ಬಂದರು. ಅವರಲ್ಲಿ ಹಿರಿಯರೊಬ್ಬರು ಬಾಣಲೆಯನ್ನು ತಿರುಗಿಸಿ ನೋಡಿ, ಇದು ಯಾರದೆಂದು ಕೇಳಿ ತಿಳಿದು, ಹೆಲ್ಮೆಟ್ ತೆಗೆದು ನನ್ನ ಹೆಗಲು ತಟ್ಟಿದರು.

ಆದಕಾರಣ ತಮ್ಮಲ್ಲಿ ಪ್ರಾರ್ಥನೆ. ಅವಳು ಬರುವುದು ನಾಳಿದ್ದು ಶನಿವಾರ, ಇನ್ನೂ ಮೂರು ಸುತ್ತು ಉಳಿದಿದೆ. ಬೆಂಕಿಯ ಹೊಗೆ ಯಾವುದು, ಪಶ್ಚಾತ್ತಾಪದ ಹೊಗೆ ಯಾವುದು ಎಂದು ಮೂಸಿ ತಿಳಿಯುವುದನ್ನು ತಾವು ಅಷ್ಟರೊಳಗೆ ಕಲಿತುಕೊಳ್ಳಬೇಕು; ಅದಾಗದಿದ್ದರೆ ಕೂಗುವ ಬದಲು ಮೆಲ್ಲಗೆ ಕೆಮ್ಮುವ ದೊಡ್ಡ ಮನಸ್ಸನ್ನಾದರೂ ಮಾಡಬೇಕು.

ಸದಾ ತಮ್ಮ ಕೆಳಗೇ ಇರುವ
ತಮ್ಮ ವಿಶ್ವಾಸಿ,
ಟವೆಲ್ ಬೀಸುವವನು

ವಿ.ಸೂ.: ಟೀಚರಮ್ಮ ಫೋನ್ ಮಾಡಿದ್ದರಿಂದ ಹೆಂಡತಿ ಒಂದು ದಿನ ಮೊದಲೇ ಬಂದಳು. ನಾನು ಸ್ಟೂಲಿನ ಮೇಲೆ ನಿಂತು ತಮಗೆ ಟವೆಲ್ ಬೀಸುತ್ತಿದ್ದೆ. ಒಲೆ ಆರಿಸಿ ಬಾಣಲೆಯೊಳಗೆ ಬಗ್ಗಿ ನೋಡಿದಳು. ಆಮೇಲೆ ಬಟ್ಟೆ ತಂದು, ನಾನು ಸುರಿದದ್ದನ್ನೆಲ್ಲ ಒರೆಸುತ್ತ, "ಅಪ್ಪನೂ ಒಂದ್ಸಲ ಇದನ್ನ ಹೀಗೇ ಬೆಳಗಿಟ್ಟಿದ್ರು, ಎಣ್ಣೆನೂ ಹೀಗೇ ಸುರಿದಿದ್ರು. ಅಮ್ಮ ಮತ್ತೆ ಮೊದಲಿಂದ ಶುರು ಮಾಡಿದ್ಲು" ಎಂದಳು. ನಾಲ್ಕನೆಯ ಸುತ್ತನ್ನು ಅವಳೇ ಮುಗಿಸಿದಳು, ತಾವು ತುಟಿ ಬಿಚ್ಚಲಿಲ್ಲ. ಎಣ್ಣೆ ಕಡಿಮೆಯಾದ್ದರಿಂದ ಹೊಗೆ ಏಳಲಿಲ್ಲ ಎಂಬುದು ಅವಳ ವಿವರಣೆ. ತಾವೂ ಅವಳಿಗೆ ಹೆದರುತ್ತೀರಿ ಎಂಬುದು ನನ್ನದು.