ಮುಚ್ಚಳ ತೆಗೆಯುವವಳ ಬಯಾಲಜಿ

ಕಾನ್ವೆಂಟಿನಲ್ಲಿ ಓದಿದ ನನ್ನಂಥ ಮುದುಕಿಯರಿಗೆ ಒಂದು ಕಾಯಿಲೆಯಿದೆ. ಗೊತ್ತಿಲ್ಲದ್ದನ್ನೂ ಇಂಗ್ಲಿಷಿನಲ್ಲಿ ಹೇಳಿಬಿಟ್ಟರೆ ಗೊತ್ತಿದ್ದಂತೆಯೇ ಅನ್ನಿಸುತ್ತದೆ. ಖೂಬಾ ಪ್ಲಾಟಿನ ನಮ್ಮ ಓಣಿಯಲ್ಲಿ ಈ ಕಾಯಿಲೆಗೆ ಭಾರೀ ಮರ್ಯಾದೆ. ಹಾಗಾಗಿಯೇ ಪಕ್ಕದ ಮನೆಯ ಸೊಸೆ ಶಬಾನಾ ಪಿಯುಸಿ ಬಯಾಲಜಿ ಪುಸ್ತಕ ಹಿಡಿದು ಬಂದಳು. ಮದುವೆಯಾದಾಗ ನಿಂತ ಓದು. ಆಮೇಲೆ ಒಮ್ಮೆ ಪರೀಕ್ಷೆ ಕಟ್ಟಿ ಫೇಲಾಗಿದ್ದಾಳೆ. ಈ ಸಲ ಪಾಸಾದರೆ ನರ್ಸಿಂಗ್, ಇಲ್ಲವಾದರೆ ಓದಿನ ಮಾತೇ ಬೇಡ ಎಂದು ಅತ್ತೆ ಹೇಳಿಯಾಗಿದೆ.

ಜೀವಕೋಶದಲ್ಲಿ ಡಿಫ್ಯೂಷನ್ ಹೇಗೆ ನಡೆಯುತ್ತದೆ ಎಂದು ಕೇಳಿದಳು. ನಾನು ಕಣ್ಣು ಮುಚ್ಚಿ, "ಮೂವ್‌ಮೆಂಟ್ ಫ್ರಮ್ ಹೈಯರ್ ಟು ಲೋವರ್ ಕಾನ್ಸಂಟ್ರೇಷನ್" ಎಂದು ಒಪ್ಪಿಸಿದೆ. ಎರಡು ಜಡೆ, ನೀಲಿ ರಿಬ್ಬನ್, ಎದುರಿಗೆ ಕಾನ್ವೆಂಟಿನ ಸಿಸ್ಟರ್: ಎಲ್ಲಾ ಕಣ್ಣಮುಂದೆ ಬಂತು, ಅರ್ಥವೊಂದನ್ನು ಬಿಟ್ಟು.

"ಆಂಟಿ, ಇದು ಬುಕ್ಕಿನಾಗೂ ಅದರೀ. ತಿಳೀವಲ್ದು ಅಂತನೇ ನಿಮ್ಮ ಹಂತ್ಯಾಕ ಬಂದೀನಿ."

ಮಾತು ಮರೆಸಲು ಬಾಳೆಹಣ್ಣು ಕೊಡೋಣವೆಂದು ಎದ್ದೆ. ಕಮಲಾಪುರದಿಂದ ನೆಗೆಣ್ಣಿ ಕೆಂಪು ಬಾಳೆ ಕಳಿಸಿದ್ದಳು. ಅದು ಕಾಯಿಯಿದ್ದಾಗಲೂ ಕೆಂಪೇ, ಬಣ್ಣ ನಂಬುವಂತಿಲ್ಲ. ಒಂದು ಮಾಗಿದ ಹಣ್ಣಿನ ಜೊತೆ ತೊಗರಿ ಡಬ್ಬಿಯಲ್ಲಿ ಮುಚ್ಚಿಟ್ಟು, ಹೋಗುತ್ತಾ ಬರುತ್ತಾ ಮುಚ್ಚಳ ತೆಗೆದು ಒತ್ತಿ ನೋಡುತ್ತಿದ್ದೆ. ಈಗಲೂ ಕಲ್ಲು!

"ಗಳಿಗೆಗೊಮ್ಮೆ ಮುಚ್ಚಳ ತೆಗೆದು ನೋಡುತ್ತೇನೆ, ಮಾಗಿಲ್ಲ. ಹಣ್ಣಿನ ಗ್ಯಾಸಿನಿಂದ ಕಾಯಿ ಮಾಗಬೇಕಿತ್ತು. ಡಬ್ಬಿಯಲ್ಲಿ ಗ್ಯಾಸ್ ಜಾಸ್ತಿ, ಕಾಯಿಯ ಸೆಲ್‌ಗಳಲ್ಲಿ ಕಡಿಮೆ, ತಾನಾಗಿಯೇ ಒಳಗೆ..." ಎನ್ನುತ್ತಿದ್ದವಳು ತಟ್ಟನೆ ನಿಂತೆ. ಇಷ್ಟು ವರ್ಷ ಬಾಯಲ್ಲಿದ್ದ ವಾಕ್ಯ ಮೊದಲ ಸಲ ತಲೆಗೆ ಹೋಗಿತ್ತು.

ಶಬಾನಾ ಬಿದ್ದು ಬಿದ್ದು ನಕ್ಕಳು. "ಅಯ್ಯ ಆಂಟಿ, ನೀವು ಮುಚ್ಚಳಾ ತೆಗದಾಗೆಲ್ಲಾ ಗ್ಯಾಸ್ ಅಡಗಿಮನ್ಯಾಗ ಹೋಗ್ಯಾದ! ಕಾಯಿಗಿ ಏನ್ ಉಳೀತದ್ರೀ?" ಆಮೇಲೆ ಗಂಭೀರಳಾದಳು. "ಅಂದ್ರ ಆಕ್ಸಿಜನ್ನೂ ಹಿಂಗೇ ಏನ್ರೀ? ಸೆಲ್ ಒಳಗಿಂದು ಖರ್ಚ್ ಮಾಡ್ತಾ ಇರ್ತದ, ಅದಕ್ಕೇ ಒಳಗ ಯಾವಾಗಲೂ ಕಮ್ಮಿ, ಹೊರಗಿಂದು ಬರ್ತಾನೇ ಇರ್ತದ?"

"ಎಕ್ಸಾಕ್ಟ್ಲಿ!" ಎಂದೆ, ಮೊದಲೇ ಗೊತ್ತಿದ್ದವಳಂತೆ.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತಂತೆ. ಡಬ್ಬಿ, ಬಾಳೆ, ಮುಚ್ಚಳ ಎಲ್ಲಾ ಬರೆದು ಬಂದೆ ಎಂದು ಅವಳು ಹೇಳಿದಾಗ, ಈ ಸಲವೂ ಹೋಯಿತು ಎಂದುಕೊಂಡೆ. ಪಾಸಾದಳು! ಈಗ ಬೆಳಿಗ್ಗೆ ಅವಳು ನರ್ಸಿಂಗ್ ಕಾಲೇಜಿಗೆ ಹೊರಟರೆ, ಮರೆತ ಊಟದ ಡಬ್ಬಿ ಹಿಡಿದು ಹಿಂದೆ ಓಡುವವರು ಅದೇ ಅತ್ತೆ. ನೋಡಿದಾಗೆಲ್ಲ ಮನಸ್ಸು ತುಂಬುತ್ತದೆ. ಜೊತೆಗೇ ನನ್ನನ್ನೇ ಕೇಳಿಕೊಳ್ಳುತ್ತೇನೆ: ಆ ಪೇಪರು ತಿದ್ದಲು ನನ್ನ ಕೈಗೆ ಬಂದಿದ್ದರೆ? "ವೇರ್ ಈಸ್ ದ ಡೆಫಿನಿಷನ್?" ಎಂದು ಕೆಂಪು ಇಂಕಿನಲ್ಲಿ ಗೀಚಿ, ಸೊನ್ನೆ ಸುತ್ತಿ, ಹುಡುಗಿಗೆ ಏನೂ ತಿಳಿದಿಲ್ಲ ಪಾಪ ಎಂದು ಮರುಗುತ್ತಿದ್ದೆ.