ಹಿಂದಿನ ಸೀಟಿನ ಭಾರ

"ಮೆಕ್ಯಾನಿಕ್ ಹತ್ತಿದ ಬೆಟ್ಟಾನ ಡ್ರೈವರ್ ಹತ್ತಲಾರನಾ? ಸೈಕಲ್ಲಿನಿಂದ ನೆಲಕ್ಕೆ ಕಾಲು ತಾಗಿಸದೆ ಹತ್ತಿ ತೋರಿಸ್ತೀನಿ, ಬರೆದಿಟ್ಕೊಳ್ಳಿ" ಎಂದು ಗೇರಣ್ಣನವರು ಡಿಪೋದ ಕ್ಯಾಂಟೀನಿನಲ್ಲಿ ಘೋಷಿಸಿದಾಗ ಬರೆದಿಟ್ಟುಕೊಳ್ಳಲು ಯಾರೂ ಪೆನ್ನು ತೆಗೆಯಲಿಲ್ಲ. ಆದರೆ ಎಲ್ಲರೂ ಟೀ ಲೋಟ ಕೆಳಗಿಟ್ಟು ಅವರ ಹೊಟ್ಟೆಯ ಕಡೆ ಒಮ್ಮೆ ನೋಡಿದರು.

ಗೇರಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಕಿರುಗುಟ್ಟುವ ಹಳೆಯ ಬಸ್ಸಿನ ಗೇರನ್ನು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬದಲಿಸುವ ಕೈಗುಣಕ್ಕೆ ಡಿಪೋ ದಯಪಾಲಿಸಿದ ಬಿರುದು. ಅದೇ ಬಸ್ಸಿನ ಕಂಡಕ್ಟರ್ ಅವರ ಧರ್ಮಪತ್ನಿ. ಆಕೆಗೆ ಡಿಪೋ ಇಟ್ಟ ಹೆಸರು ಬೆಲ್ಲಮ್ಮ. ಹೆಸರಿನಲ್ಲಿ ಸಿಹಿ ಹುಡುಕಬೇಡಿ, ಅದು ಬಸ್ಸಿನ ಬೆಲ್ಲು. ಆಕೆ ಒಂದು ಸಲ ಬಾರಿಸಿದರೆ ಗೇರಣ್ಣ ನಿಲ್ಲಬೇಕು, ಎರಡು ಸಲ ಬಾರಿಸಿದರೆ ಹೊರಡಬೇಕು. ಇಪ್ಪತ್ತು ವರ್ಷ ಹೀಗೆ ನಿಂತು, ಹೊರಟು ಅವರ ಸಂಸಾರ ಸುಸೂತ್ರವಾಗಿ ಸಾಗಿತ್ತು. ಎರಡು ಬೆಲ್ಲು ಬಿದ್ದ ಮೇಲೆ ಹಿಂದೆ ತಿರುಗಿ ನೋಡುವುದು ಡ್ರೈವರಾದವನಿಗೆ ಅವಮಾನ ಎಂಬುದು ಗೇರಣ್ಣನವರ ಸಿದ್ಧಾಂತವಾಗಿತ್ತು.

ಈಗ ಆ ಸಂಸಾರಕ್ಕೊಂದು ಕಂಟಕ ಬಂದಿತ್ತು. ಬೆಲ್ಲಮ್ಮನಿಗೆ ಬಡ್ತಿ ಸಿಕ್ಕಿತ್ತು. ಚೆಕಿಂಗ್ ಇನ್‌ಸ್ಪೆಕ್ಟರ್! ಒಪ್ಪಿಕೊಂಡರೆ ಗಂಡನ ಬಸ್ಸಿನಿಂದ ಇಳಿದು ಊರಿನ ಎಲ್ಲ ಬಸ್ಸುಗಳನ್ನೂ ತಪಾಸಣೆ ಮಾಡುತ್ತ ತಿರುಗಬೇಕು. ಸೋಮವಾರ ಉತ್ತರ ಹೇಳಬೇಕಾಗಿತ್ತು.

"ಏನಂತೀರಿ? ಹೋಗಲಾ?" ಎಂದು ಆಕೆ ಊಟದ ಹೊತ್ತಿನಲ್ಲಿ ಕೇಳಿದ್ದಳು.

"ಹೋಗು. ಕಂಡಕ್ಟರ್ ಯಾರಾದ್ರೇನು? ಬಸ್ ಓಡ್ಸೋನು ನಾನು. ಹಿಂದಿರೋರೆಲ್ಲ ಭಾರ ಅಷ್ಟೆ."

"ಅಂದ್ರೆ ಇಷ್ಟು ವರ್ಷ ನಾನು ಭಾರ ಆಗಿದ್ದೆ."

"ಅಯ್ಯೋ, ಮಾತಿಗೆ ಹೇಳಿದೆ ಕಣೇ."

"ಮಾತಿಗೆ ಅಂತ ಒಂದು ಒಳ್ಳೇದನ್ನೂ ಹೇಳಬಹುದಿತ್ತಲ್ಲ" ಎಂದು ಬೆಲ್ಲಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಒಳ್ಳೆಯ ಮಾತು ಗೇರಣ್ಣನವರ ಹತ್ತಿರ ಇರಲಿಲ್ಲವೆಂದಲ್ಲ. ಆಕೆ ಹೋಗುವುದು ಅವರಿಗೆ ಸುತರಾಂ ಇಷ್ಟವಿರಲಿಲ್ಲ. ಆದರೆ ಅದನ್ನು ಬಾಯಿ ಬಿಟ್ಟು ಹೇಳಿದರೆ ಮೀಸೆಯ ಗತಿ ಏನು? ಆದ್ದರಿಂದ ಅವರು ಬೇರೊಂದು ಉಪಾಯ ಹೂಡಿದರು. ಡಿಪೋದ ಮೆಕ್ಯಾನಿಕ್ ಬೆಟ್ಟ ಹತ್ತುವ ಸೈಕಲ್ಲಿನ ಹುಚ್ಚ. ದಪ್ಪ ಟೈರಿನ, ಎರಡು ಸೀಟಿನ ಸೈಕಲ್ಲೊಂದನ್ನು ಇಟ್ಟುಕೊಂಡು, ಹೆಂಡತಿಯ ಜೊತೆ ನದಿಯ ಕಣಿವೆಯುದ್ದಕ್ಕೂ ಸಾಗಿ ಬೆಟ್ಟದ ಮೇಲಿನ ಕಾವಲು ಗೋಪುರ ಮುಟ್ಟಿದ್ದ. ಗೇರಣ್ಣನವರೂ ಹಾಗೇ ಬೆಲ್ಲಮ್ಮನನ್ನು ಹಿಂದೆ ಕೂರಿಸಿಕೊಂಡು ಗೋಪುರ ತಲುಪುವುದು, ಗಂಡನ ತಾಕತ್ತು ಕಂಡು ಆಕೆ ಮೂಕಳಾಗಿ ನಿಂತಿರುವಾಗ ಗಂಭೀರವಾಗಿ "ಆ ಹುದ್ದೆ ನಿನಗ್ಯಾಕೆ, ಬಿಡು" ಅನ್ನುವುದು. ಇದು ಯೋಜನೆ.

ಭಾನುವಾರ ಬೆಳಿಗ್ಗೆ ಮೆಕ್ಯಾನಿಕ್ ಸೈಕಲ್ ಒಪ್ಪಿಸುತ್ತ ಎಚ್ಚರಿಸಿದ: "ಅಣ್ಣಾ, ಮುಂದಿನ ಪೆಡಲು ತಿರುಗಿದ್ರೆ ಹಿಂದಿಂದೂ ತಾನಾಗೇ ತಿರುಗುತ್ತೆ. ಹಿಂದಿರೋರು ತುಳೀತಿದಾರೋ, ಸುಮ್ನೆ ಕಾಲಿಟ್ಕೊಂಡಿದಾರೋ ಮುಂದಿರೋರಿಗೆ ಗೊತ್ತಾಗಲ್ಲ. ನಂಬಿಕೆ ಮೇಲೆ ಓಡೋ ಗಾಡಿ ಇದು."

"ನಮ್ಮ ಸಂಸಾರದ ಹಾಗೆ" ಎಂದಳು ಬೆಲ್ಲಮ್ಮ, ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತ. ಹಿಂದೆ ಬೆಲ್ಲಿರಲಿಲ್ಲ. ಆಕೆ ಕ್ಯಾರಿಯರಿನ ಕಂಬಿಯನ್ನು ಗೆಣ್ಣಿನಿಂದ ಎರಡು ಸಲ ಕುಟ್ಟಿದಳು. ಟಕ್, ಟಕ್. ಗೇರಣ್ಣನವರ ಕಾಲು ತಾನಾಗಿಯೇ ಪೆಡಲನ್ನು ಒತ್ತಿತು.

ಕಣಿವೆಯ ದಾರಿ ಸೊಗಸಾಗಿತ್ತು. ಎಡಕ್ಕೆ ಬಂಡೆಗಳ ಗೋಡೆ, ಬಲಕ್ಕೆ ಆಳದಲ್ಲಿ ನದಿ, ನಡುವೆ ಒಂದು ಸೈಕಲ್ಲಿಗೆ ಸಾಕಾಗುವಷ್ಟು ಹಾದಿ, ಅದರ ತುಂಬ ಬೇರು ಮತ್ತು ಉಂಡೆಗಲ್ಲು. ನದಿಯ ಭೋರ್ಗರೆತದಲ್ಲಿ ಮಾತಾಡಬೇಕಾದರೆ ಕಿರುಚಬೇಕಿತ್ತು.

"ತುಳೀತಿದೀಯಾ?"

"ತುಳೀತಿದೀನಿ ರೀ!"

"ನನಗೇನೋ ನಾನೊಬ್ಬನೇ ತುಳಿದ ಹಾಗಿದೆ!"

"ನಿಮಗೆ ಯಾವಾಗಲೂ ಹಾಗೇ ಇರುತ್ತೆ!"

ಅರ್ಧ ದಾರಿಯಲ್ಲಿ ಒಂದು ತೊರೆ ಅಡ್ಡ ಬಂತು. ಹಿಮ್ಮಡಿ ಮುಳುಗುವಷ್ಟು ನೀರು, ಪಾಚಿ ಕಟ್ಟಿದ ಕಲ್ಲು. "ನೀನು ಇಳಿದು ದಾಟು, ಭಾರ ಕಮ್ಮಿಯಾಗುತ್ತೆ" ಎಂದರು ಗೇರಣ್ಣ. ಭಾರ ಎಂಬ ಪದ ಬಾಯಿಂದ ಬಿದ್ದ ಕೂಡಲೇ ನಾಲಿಗೆ ಕಚ್ಚಿಕೊಂಡರೂ ಪ್ರಯೋಜನವಾಗಲಿಲ್ಲ. ಬೆಲ್ಲಮ್ಮ ಇಳಿದು ನಡೆದಳು. ಇವರು ನೀರು ಚಿಮ್ಮಿಸುತ್ತ ದಾಟಿ, ಆಚೆ ದಡದ ಬಂಡೆಯೊಂದರ ಮೇಲೆ ಕಾಲೂರಿ ಕಾದರು. ಬಂಡೆ ನೆಲವಲ್ಲ ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡರು.

ಹಿಂದಿನಿಂದ ಬೆಲ್ಲಮ್ಮ ಬಂದಳು. ಸೀಟಿನ ಮೇಲೆ ಅವಳ ಕೈಯ ಭಾರ ಬಿದ್ದು ಸೈಕಲ್ಲು ಅತ್ತಿತ್ತ ಓಲಾಡಿತು. ಆಮೇಲೆ ಕ್ಯಾರಿಯರಿನ ಮೇಲೆ ಸ್ಪಷ್ಟವಾಗಿ ಎರಡು ಪೆಟ್ಟು ಬಿತ್ತು. ಟಕ್, ಟಕ್.

ಗೇರಣ್ಣ ಹೊರಟರು.

ಅಸಲಿಗೆ ಆದದ್ದಿಷ್ಟು: ಶೂ ಒಳಗೆ ಕಲ್ಲು ಸೇರಿತ್ತು. ಬೆಲ್ಲಮ್ಮ ಒಂದು ಕೈಯಿಂದ ಸೀಟು ಹಿಡಿದು, ಒಂಟಿ ಕಾಲಿನಲ್ಲಿ ನಿಂತು, ಬಿಚ್ಚಿದ ಶೂವನ್ನು ಕ್ಯಾರಿಯರಿಗೆ ಕುಟ್ಟಿ ಕಲ್ಲು ಉದುರಿಸಿದಳು. ಬೇರೆ ಯಾವ ಗಂಡನಾದರೂ ಏನದು ಎಂದು ತಿರುಗಿ ನೋಡುತ್ತಿದ್ದ. ಆದರೆ ಇಪ್ಪತ್ತು ವರ್ಷ ಎರಡು ಪೆಟ್ಟಿಗೆ ಹೊರಟ ಕಾಲು ಅದು. ಆಕೆ ಶೂ ಹಿಡಿದು ಕುಂಟುತ್ತ "ರೀ! ರೀ!" ಎಂದು ಕೂಗಿದ್ದನ್ನು ನದಿ ನುಂಗಿ ಹಾಕಿತು.

ಮುಂದೆ ಇಳಿಜಾರು. ಸೈಕಲ್ಲು ತಾನಾಗಿಯೇ ಹಾರುತ್ತಿತ್ತು, ಗೇರಣ್ಣನವರ ಮನಸ್ಸೂ ಹಾರುತ್ತಿತ್ತು. "ಹೇಗಿದೆ ಸವಾರಿ?" ಎಂದರು. ಉತ್ತರವಿಲ್ಲ. "ಸಿಟ್ಟಾ?" ಎಂದರು. ಅದಕ್ಕೂ ಉತ್ತರವಿಲ್ಲ. ಸಿಟ್ಟೇ ಎಂದು ಖಚಿತವಾಯಿತು. ಸಿಟ್ಟಿನಲ್ಲಿರುವ ಹೆಂಡತಿಯ ಮೌನ ಅವರಿಗೆ ಹೊಸದೇನಲ್ಲ. ಊಟಕ್ಕೆ ಕೂರುವ ಹೊತ್ತಿಗೆ ಸರಿಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡು, ಹಕ್ಕಿ ತೋರಿಸಿದರು, ಜಲಪಾತ ತೋರಿಸಿದರು, ಮೆಕ್ಯಾನಿಕ್‌ಗಿಂತ ತಾನು ಯಾವ ಯಾವ ವಿಷಯದಲ್ಲಿ ಮೇಲು ಎಂದು ವಿವರಿಸಿದರು.

ಎದುರಿಗೆ ಬೆನ್ನಿಗೆ ಚೀಲ ಕಟ್ಟಿಕೊಂಡ ಚಾರಣಿಗರಿಬ್ಬರು ಬಂದರು. "ನಮ್ಮ ಮನೆಯವರು. ಸ್ವಲ್ಪ ಕೋಪದಲ್ಲಿದಾರೆ, ತಪ್ಪು ತಿಳೀಬೇಡಿ" ಎಂದು ಗೇರಣ್ಣ ಹೆಬ್ಬೆರಳಿನಿಂದ ಹಿಂದಕ್ಕೆ ತೋರಿಸಿ ನಕ್ಕರು. ಚಾರಣಿಗರು ಹಿಂದಿನ ಸೀಟನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಬಿರಬಿರನೆ ನಡೆದುಬಿಟ್ಟರು.

ಕಣಿವೆ ಮುಗಿದು ಹಾದಿ ಕಾಡಿನ ರಸ್ತೆಗೆ ಸೇರಿತು. ನದಿಯ ಸದ್ದು ಹಿಂದೆ ಉಳಿಯಿತು. ಇನ್ನು ಗೋಪುರದವರೆಗೂ ಏರು. ಮೊದಲ ತಿರುವಿನಲ್ಲಿ ಗೇರಣ್ಣನವರಿಗೆ ಬೆವರು ಬಂತು, ಎರಡನೆಯದರಲ್ಲಿ ಏದುಸಿರು ಬಂತು, ಮೂರನೆಯದರಲ್ಲಿ ಜ್ಞಾನೋದಯದ ಲಕ್ಷಣಗಳು ಕಾಣತೊಡಗಿದವು. ಬೆಳಿಗ್ಗೆ ಇಂಥದೇ ಏರುಗಳನ್ನು ನಗುನಗುತ್ತ ಹತ್ತಿದ್ದರು. ಈಗ ತೊಡೆಯಲ್ಲಿ ಬೆಂಕಿ.

"ಏ, ತುಳಿಯೋದು ಬಿಟ್ಟಿದೀಯ ಅಲ್ವಾ?"

ಮೌನ.

"ನನಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ತುಳಿ, ಇನ್ನೊಂಚೂರು ಇದೆ."

ಮೌನ. ಸೈಕಲ್ಲು ಆಮೆಗೆ ದಾರಿ ಬಿಡುವ ವೇಗಕ್ಕೆ ಬಂತು. ಹಿಂದೆ ತಿರುಗಿದರೆ ಆಯ ತಪ್ಪಿ ಬೀಳುವುದು ಖಂಡಿತ. ಗೇರಣ್ಣನವರ ಮೀಸೆ ಬೆವರಿನಲ್ಲಿ ತೊಯ್ದು ಕೆಳಗಿಳಿಯಿತು, ಅದರ ಜೊತೆಗೇ ಬಿಗುಮಾನವೂ ಇಳಿಯಿತು.

"ಸರಿ... ಒಪ್ಕೊಂಡೆ. ಬೆಳಿಗ್ಗೆಯಿಂದ ನೀನೂ ತುಳಿದಿದ್ದೆ. ಈಗ ಗೊತ್ತಾಯ್ತು... ನೀನೇ ಜಾಸ್ತಿ ತುಳಿದಿದ್ದೆ ಅನ್ಸುತ್ತೆ." ಉಸಿರು ಎಳೆದುಕೊಂಡರು. "ಭಾರ ಅಂದಿದ್ದು ತಪ್ಪು. ಬಸ್ಸಲ್ಲಿ ನೀನು ಹಿಂದಿದೀಯ ಅಂತ ಧೈರ್ಯದಿಂದ ಓಡಿಸ್ತೀನಿ ಕಣೇ. ನಿನ್ನ ಬೆಲ್ ಕೇಳಿದ್ರೆ ಎಲ್ಲಾ ಸರಿ ಇದೆ ಅಂತ ಅರ್ಥ. ಬೇರೆಯವರು ಬಾರಿಸಿದ್ರೆ ನಾನು ಹೇಗೆ ನಂಬ್ಲಿ? ನೀನಿಲ್ದೆ ಇದ್ರೆ ನನಗೆ ಕೈಕಾಲೇ ಆಡಲ್ಲ... ಹೋಗಬೇಡ ಅಂತ ಹೇಳೋಕೆ ನಾಚಿಕೆ ಆಯ್ತು, ಅದಕ್ಕೇ ಈ ಸೈಕಲ್ಲು. ಈಗ್ಲಾದ್ರೂ ತುಳಿಯೇ, ನಿನ್ನ ದಮ್ಮಯ್ಯ!"

ಪವಾಡ ನಡೆಯಿತು. ಸೈಕಲ್ಲು ಒಮ್ಮೆಲೇ ಹಗುರಾಗಿ ಏರನ್ನು ಸರಸರನೆ ಹತ್ತತೊಡಗಿತು. ಗೇರಣ್ಣನವರ ಕಣ್ಣಲ್ಲಿ ನೀರೇ ಬಂತು.

"ಹಾಂ, ಹೀಗೆ! ನೋಡು, ನೀನು ಮನಸ್ಸು ಮಾಡಿದ್ರೆ ಹೇಗೆ ಹೋಗುತ್ತೆ! ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ?"

"ಎಲ್ಲೂ ಹೋಗಿರ್ಲಿಲ್ಲ. ತೊರೆ ಹತ್ರಾನೇ ಇದ್ದೆ."

ದನಿ ಸೀಟಿನಿಂದ ಬರಲಿಲ್ಲ, ಇನ್ನೂ ಹಿಂದಿನಿಂದ ಬಂತು. ಗೇರಣ್ಣ ಎರಡೂ ಕಾಲನ್ನು ನೆಲಕ್ಕೆ ಊರಿ ತಿರುಗಿದರು. ಸೀಟು ಖಾಲಿ. ಅದರ ಹಿಂದೆ ರಸ್ತೆಯ ಮೇಲೆ ನಿಂತು ಎರಡೂ ಕೈಯಿಂದ ಕ್ಯಾರಿಯರು ದಬ್ಬುತ್ತಿದ್ದ ಹೆಂಡತಿ. ಅವಳ ಹಿಂದೆ, ಕಾಡುಪ್ರಾಣಿಗಳು ಬೆದರದಿರಲೆಂದು ಅರಣ್ಯ ಇಲಾಖೆ ಕೊಟ್ಟ ಸದ್ದಿಲ್ಲದ ಬ್ಯಾಟರಿ ಗಾಡಿ. ಅದರಲ್ಲಿ ಕೂತ ಅರಣ್ಯ ಕಾವಲುಗಾರ ಟೋಪಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ನಕ್ಕು ಬಂದ ನೀರೋ, ಮನಸ್ಸು ಕರಗಿ ಬಂದ ನೀರೋ ತಿಳಿಯಲಿಲ್ಲ.

"ಅಮ್ಮ ತೊರೆಯಿಂದ ಮೇಲಿನ ರಸ್ತೆಗೆ ಹತ್ತಿ ಬಂದಿದ್ರು, ಅಲ್ಲಿಂದ ಗಾಡೀಲಿ ಕರ್ಕೊಂಡು ಬಂದೆ ಸಾರ್. ಹಾರ್ನ್ ಹೊಡೀತೀನಿ ಅಂದೆ, ಅಮ್ಮ ಬೇಡ ಅಂದ್ರು" ಎಂದ ಆತ. "ಇನ್ನೂ ಏನೋ ಹೇಳ್ತಿದಾರೆ, ಪೂರ್ತಿ ಆಗ್ಲಿ ಅಂದ್ರು."

"ಎಲ್ಲಿಂದ ಕೇಳಿಸ್ಕೊಂಡೆ?" ಎಂದರು ಗೇರಣ್ಣ ಹೆಂಡತಿಗೆ, ಸಣ್ಣ ದನಿಯಲ್ಲಿ.

"ತುಳಿಯೋದು ಬಿಟ್ಟಿದೀಯ ಅಲ್ವಾ ಅಂದ್ರಲ್ಲ, ಅಲ್ಲಿಂದ."

ಅಂದರೆ ಎಲ್ಲವನ್ನೂ. ಗೇರಣ್ಣ ಹ್ಯಾಂಡಲಿನ ಮೇಲಿನ ಕೆಸರನ್ನು ಉಗುರಿನಿಂದ ಕೆರೆದರು. ಆದರೂ ಆಕೆಯ ಮುಖ ಅರಳಿದ್ದನ್ನು ಕಂಡು ಅವರಿಗೆ ಒಳಗೊಳಗೇ ಖುಷಿಯಾಯಿತು, ಆಸೆಯೂ ಚಿಗುರಿತು.

"ಮತ್ತೆ... ಹಾಗಾದ್ರೆ ಆ ಹುದ್ದೆ ಬೇಡ ಅಂತೀಯಲ್ಲ?"

"ಬೇಕು ಅಂತೀನಿ" ಎಂದಳು ಬೆಲ್ಲಮ್ಮ, ಸೀಟು ಹತ್ತಿ ಕೂತು ಸೀರೆಗೆ ಬದಲು ಹಾಕಿದ್ದ ಪ್ಯಾಂಟಿನ ಧೂಳು ಕೊಡವಿಕೊಳ್ಳುತ್ತ. "ಇಪ್ಪತ್ತು ವರ್ಷ ಗಾಡಿ ಮೇಲಿದ್ದೆ, ನಿಮ್ಮ ಬಾಯಿಂದ ಒಂದು ಒಳ್ಳೆ ಮಾತು ಉದುರ್ಲಿಲ್ಲ. ಅರ್ಧ ಗಂಟೆ ಕೆಳಗಿಳಿದಿದ್ದಕ್ಕೇ ಇಷ್ಟು ಬಂತು. ಇನ್ನು ಖಾಯಮ್ಮಾಗಿ ಇಳಿದ್ರೆ ಏನೇನು ಕೇಳೋ ಯೋಗ ಇದೆಯೋ, ನೋಡೇಬಿಡೋಣ."